ನೆರಳಿನ ಕೈಗಡ

ಅವಳಿಗೆ ಕೊಂಬುಗಳಿವೆ. ಮುನ್ನೂರು ನಾಣ್ಯಕ್ಕೆ ಕೊಂಡದ್ದು,
ಅಲ್ಲಿನ ನಾಣ್ಯ; ಇಲ್ಲಿ ಅದು ಒಂದು ಬನ್ನಿಗೂ ಸಾಲದು.
ಮೈಬಣ್ಣ ಮಾತ್ರ ಇಲ್ಲಿಯದೇ:
ತೊಪ್ಪಿಲಾ ಬಂದರಿನ ಹಳೇ ಗೋದಾಮಿನ ಬಾಗಿಲು,
ಅದರ ತುಕ್ಕನ್ನು ಮೂಗು ತಾಗುವಷ್ಟು ಹತ್ತಿರದಿಂದ ಹಿಡಿದು
ಅವಳ ಭುಜಕ್ಕೆ, ಕೆನ್ನೆಗೆ ಹೊದಿಸಿದೆ.
ಹೊಲಿಗೆ ಕಾಣುವುದು ಕಿವಿಯ ಹಿಂದೆ, ಒಂದೇ ಕಡೆ.
ಅಲ್ಲಿ ಕೂದಲು ಇಳಿಬಿಟ್ಟಿದ್ದೇನೆ.

ಆ ಲೋಕದಲ್ಲಿ ಅವಳು ಹಾರಬಲ್ಲಳು.
ನಾನು ಹಾರಿಸುವುದಿಲ್ಲ. ನಿಲ್ಲಿಸುತ್ತೇನೆ
ಹಸಿರು ಗೋಡೆಯೆದುರು, ಕೈ ಹೀಗೆ, ಗದ್ದ ಹೀಗೆ,
ಆಮೇಲೆ ಅಂಚು ಕತ್ತರಿಸಿ ತಂದು
ನಮ್ಮ ಔಲು ಪಟ್ಟಣದೊಳಗೆ ಇಳಿಸುತ್ತೇನೆ:
ಜನವರಿ, ಬಸ್ ನಿಲ್ದಾಣ,
ಹಿಮ ಗುಡಿಸಿ ಗುಡ್ಡೆ ಹಾಕಿದ ಜಾಗ.
ಎಲ್ಲ ಸರಿ. ಆದರೆ ನಿಲ್ಲಲೊಲ್ಲಳು.
ಅಂಚೆಚೀಟಿಯ ಹಾಗೆ ಮೆತ್ತಿಕೊಂಡಿದ್ದಾಳೆ, ಅಷ್ಟೆ.

ಎರಡು ವಾರ ಬೇಕಾಯಿತು ಗೊತ್ತಾಗಲು.
ಅಲ್ಲಿ ಸೂರ್ಯ ನಾನು ಎಳೆದು ಇಟ್ಟ ಕಡೆ.
ಇಲ್ಲಿ ನಡುಮಧ್ಯಾಹ್ನವೂ ಮಾಡಿನ ಅಂಚಿಗೆ ಗಲ್ಲ ಊರಿ
ಒಮ್ಮೆ ನೋಡಿ, ಸಾಕೆನಿಸಿ ಇಳಿದುಹೋಗುತ್ತಾನೆ.
ಕಪ್ಪು ಬಳಿದು ನೆರಳು ಮಾಡಿದೆ. ಎಣ್ಣೆ ಚೆಲ್ಲಿದ ಹಾಗಾಯಿತು.
ಮಬ್ಬು ಮಾಡಿದೆ. ಒದ್ದೆ ಚಾಪೆ.
ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ
ಎಲುಬುಗಳ ನೆರಳು ತೆಗೆದವಳಿಗೆ ಇಷ್ಟಾದರೂ ಗೊತ್ತಿರಬೇಕಿತ್ತು:
ನೆರಳನ್ನು ಬರೆಯಲಾಗದು, ಅದು ಬೀಳಬೇಕು.
ಬೀಳಲು ಯಾರಾದರೂ ಅಡ್ಡ ನಿಂತಿರಬೇಕು.

ಕೆಳಮನೆಯ ತೈಸ್ತೊ. ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದವನು.
ಒಂಬತ್ತು ವರ್ಷದಲ್ಲಿ ಮಾತಾಡಿದ್ದು ಎರಡು ಸಲ,
ಎರಡೂ ಸಲ ಬಟ್ಟೆ ಒಗೆಯುವ ಯಂತ್ರದ ಸರದಿಯ ಬಗ್ಗೆ.
ಬಾಗಿಲು ತಟ್ಟಿದೆ. ಸಕ್ಕರೆ ಕೇಳುವ ದನಿಯಲ್ಲಿ ಕೇಳಿದೆ:
ಒಂದು ಗಳಿಗೆ ನಿಮ್ಮ ನೆರಳು ಬೇಕಿತ್ತು. ನೀವು ಬೇಡ.

ಏಕೆಂದು ಕೇಳಲಿಲ್ಲ. ಟೋಪಿ ಹುಡುಕಿದ.

ಸೊನ್ನೆಗಿಂತ ಹದಿನೆಂಟು ಕೆಳಗೆ.
ಬೂಟಿನಿಂದ ನಾನು ಗೀರಿದ ಗೆರೆಯ ಮೇಲೆ ನಿಂತ.
ನೆರಳು ಅವನ ಪಾದದಿಂದ ಹೊರಟು
ಹಿಮದ ಗುಡ್ಡೆ ಹತ್ತಿ, ನೆತ್ತಿಯಲ್ಲಿ ಮುರಿದು, ಆಚೆ ಇಳಿದು
ಯಾರದೋ ಬಿಳಿ ಕಾರಿನ ಬಾಗಿಲವರೆಗೆ ಹರಿಯಿತು.
ನೀಲಿ ಅದು.
ಇಷ್ಟು ದಿನ ಕಪ್ಪು ಬಳಿಯುತ್ತಿದ್ದೆನಲ್ಲ, ಪೆದ್ದಿ.

ಕ್ಯಾಮೆರಾ ಎತ್ತಿದೆ. ಬಾಯಿಂದ ತಾನಾಗಿ ಬಂತು
ಹಳೇ ಕೆಲಸದ ಮಾತು: ಉಸಿರು ಹಿಡಿದುಕೊಳ್ಳಿ.
ಹಿಡಿದುಕೊಂಡ. ಹಬೆ ನಿಂತಿತು.
ಒಂದು, ಇನ್ನೊಂದು, ಕೈಗವಸು ಕಿತ್ತು ಮತ್ತೊಂದು.
ಬಸ್ಸು ಬಂತು, ಬಾಗಿಲು ತೆರೆಯಿತು,
ಚಾಲಕಿ ನಮ್ಮಿಬ್ಬರನ್ನೂ ನೋಡಿ ಮುಚ್ಚಿದಳು.
ತೈಸ್ತೊನ ಮುಖ ಬೀಟ್‌ರೂಟು.
ಬಿಡಿ ಎನ್ನುವುದನ್ನು ನಾನು ಮರೆತಿದ್ದೆ.

ಶನಿವಾರ ಚಿತ್ರ ನೋಡಲು ಬಂದ.
ಉಣ್ಣೆಯ ಕಾಲುಚೀಲ, ಹೆಬ್ಬೆರಳಲ್ಲಿ ತೂತು.
ಪರದೆಯ ಮೇಲೆ ನಿಲ್ದಾಣ, ತುಕ್ಕಿನ ಹುಡುಗಿ,
ಅವಳ ಪಾದದಿಂದ ಉದ್ದಕ್ಕೆ ಹೊರಟ ಅವನು.
ಕೊಂಬಿಲ್ಲ ನೆರಳಿಗೆ; ಟೋಪಿಯ ಕಿವಿಪಟ್ಟಿ ಇದೆ.
ಅದನ್ನು ಸರಿಮಾಡುತ್ತೇನೆ, ಎಂದೆ.
ಅವನು ಬೇರೇನನ್ನೋ ನೋಡುತ್ತಿದ್ದ.
ಬೆರಳನ್ನು ಗಾಜಿಗೆ ತಾಗಿಸದೆ, ಬಲ ಭುಜದ ಹತ್ತಿರ ತಂದ.
ವಾಲಿದೆ, ಎಂದ. ಯಾವಾಗಿನಿಂದ?

ಅಂಥ ಭುಜಗಳನ್ನು ನೂರಾರು ನೋಡಿದ್ದೇನೆ.
ಗೇರಿನ ಕಡೆಯದು, ಎಂದೆ.
ತಲೆಯಾಡಿಸಿದ. ಎರಡು ಲೋಟ ಕಾಫಿ ಕುಡಿದ, ಮಾತಿಲ್ಲದೆ.
ಹೊಸ್ತಿಲಲ್ಲಿ ಬೂಟು ಹಾಕಿಕೊಳ್ಳುತ್ತ ಹೇಳಿದ:
ಕೊಂಬು ಬೇಕಾದರೆ ಹಾಕಿ. ಭುಜ ನೆಟ್ಟಗೆ ಮಾಡಬೇಡಿ.

ರಾತ್ರಿ ಕೂತು ನೆರಳನ್ನು ಮುಟ್ಟಲಿಲ್ಲ.
ಮತ್ತೆ ಆ ಲೋಕಕ್ಕೆ ಹೋಗಿ, ಹಸಿರು ಗೋಡೆಯೆದುರು,
ಅವಳ ಬಲ ಭುಜವನ್ನು ಮೂರು ಡಿಗ್ರಿ ಇಳಿಸಿದೆ.
ಕತ್ತರಿಸಿ ತಂದೆ, ಇಟ್ಟೆ.
ನಿಂತಳು.

ಕೈಗಡ ಹೇಗೆ ತೀರಿಸುವುದೋ ತಿಳಿಯಲಿಲ್ಲ.
ಒಗೆಯುವ ಕೋಣೆಯ ಪಟ್ಟಿಯಲ್ಲಿ
ಬುಧವಾರ ಸಂಜೆಯ ನನ್ನ ಸರದಿಯನ್ನು ಹೊಡೆದುಹಾಕಿ
ಅವನ ಹೆಸರು ಬರೆದು ಬಂದೆ.